ಬಾಡಿಗೆ ವಸೂಲಿಗೂ ಡಿಗ್ರಿಯೇ?

"ಬಾಡಿಗೆ ವಸೂಲಿ ಮಾಡೋದಕ್ಕೂ ಡಿಗ್ರಿ ಬೇಕೇನಮ್ಮಾ?" ನನ್ನ ಓದಿನ ಬಗ್ಗೆ ಕೇಳಿಬಂದ ಆಕ್ಷೇಪಗಳಲ್ಲಿ ಇದೇ ಅತ್ಯಂತ ಮೃದುವಾದದ್ದು. ಉಳಿದವಕ್ಕೆ ಖಾರ ಸ್ವಲ್ಪ ಜಾಸ್ತಿ.

ಉತ್ತರ ಇಂಗ್ಲೆಂಡಿನ ಊರೊಂದರಲ್ಲಿ ನಾನು ಹೌಸಿಂಗ್ ಆಫೀಸರ್. ಲಾಭದ ಉದ್ದೇಶವಿಲ್ಲದ ವಸತಿ ಸಂಸ್ಥೆಯೊಂದಕ್ಕೆ ಸೇರಿದ ಆರುನೂರು ಚಿಲ್ಲರೆ ಬಾಡಿಗೆ ಮನೆಗಳು ನನ್ನ ಸುಪರ್ದಿಯಲ್ಲಿವೆ. ಕೆಲಸದ ಜೊತೆಗೇ 'ವಸತಿ ಮತ್ತು ಸಮುದಾಯ' ಎಂಬ ಪದವಿಗೆ ಓದುತ್ತಿದ್ದೇನೆ. ವಸತಿ ಕಾನೂನು, ಬಾಡಿಗೆ-ಸಾಲಗಳ ಲೆಕ್ಕ, ಮನೆಯಿಲ್ಲದವರ ವಿಷಯದಲ್ಲಿ ಸರ್ಕಾರದ ಹೊಣೆ, ಕಟ್ಟಡಗಳಿಗೆ ಬರುವ ಕಾಯಿಲೆಗಳು, ಬಾಡಿಗೆದಾರರ ಸಂಘಗಳು, ನೂರೈವತ್ತು ವರ್ಷದ ವಸತಿ ನೀತಿಯ ಚರಿತ್ರೆ, ಇವಿಷ್ಟು ಪಠ್ಯ. ಬಿ.ಇ. ಸಿವಿಲ್ ಮುಗಿಸಿದವಳು ಮತ್ತೆ ಇದಕ್ಕೆಲ್ಲ ಯಾಕೆ ಕೂತಳು ಎಂಬುದು ಊರಿನ ನೆಂಟರ ಸಂಕಟ. ಪುಸ್ತಕ ಓದಿ ಈ ಕೆಲಸ ಕಲಿಯೋಕಾಗುತ್ತಾ ಎಂಬುದು ಆಫೀಸಿನ ಹಳಬರ ಗೊಣಗಾಟ. ನಿನ್ನ ಫೀಸಿನ ದುಡ್ಡಲ್ಲಿ ನನ್ನ ಬಾಯ್ಲರ್ ರಿಪೇರಿ ಮಾಡಿಸಬಹುದಿತ್ತು ಎಂಬುದು ಬಾಡಿಗೆದಾರರೊಬ್ಬರ ಲೆಕ್ಕ. ಒಬ್ಬೊಬ್ಬರಿಗೂ ಬಾಯಿಮಾತಲ್ಲಿ ಉತ್ತರ ಕೊಟ್ಟು ಸಾಕಾಗಿ ಬರೆಯಲು ಕೂತಿದ್ದೇನೆ.

ಮೊದಲು ವಠಾರದ ವಾದ. ಇಲ್ಲಿನ ನಮ್ಮ ಕನ್ನಡದವರ ನಡುವೆ ಇದಕ್ಕೆ ಭಾರೀ ಚಪ್ಪಾಳೆ. ಹಿರಿಯರೊಬ್ಬರು ಹೇಳಿದ್ದು: "ನಮ್ಮಜ್ಜಿ ಮೈಸೂರಲ್ಲಿ ಹತ್ತು ಮನೆ ವಠಾರ ನಡೆಸಿದರು. ಓದಿದ್ದು ನಾಲ್ಕನೇ ಕ್ಲಾಸು. ಒಂದು ತಿಂಗಳ ಬಾಡಿಗೆ ನಿಲ್ಲಲಿಲ್ಲ, ಒಂದು ಜಗಳ ಸ್ಟೇಷನ್ ಮೆಟ್ಟಿಲು ಹತ್ತಲಿಲ್ಲ. ಇದೆಲ್ಲ ಕಾಮನ್‌ಸೆನ್ಸ್, ಡಿಗ್ರಿ ಅಲ್ಲ."

ನಂಬುತ್ತೇನೆ. ಅಂಥ ಅಜ್ಜಿಯರನ್ನು ನಾನೂ ಕಂಡಿದ್ದೇನೆ. ನಲ್ಲಿ ಸರದಿ, ಕಕ್ಕಸಿನ ಬೀಗದಕೈ, ರಾತ್ರಿ ಹತ್ತಕ್ಕೆ ಹೊರಬಾಗಿಲು, ಯಾರ ಮನೆಗೆ ಯಾರು ಬಂದರು ಹೋದರು ಎಂಬ ಕಣ್ಣಂದಾಜಿನ ದಫ್ತರ, ಎಲ್ಲ ಅವರ ಸೆರಗಿನ ಗಂಟಲ್ಲಿ. ಆದರೆ ಆ ಆಡಳಿತದ ಮುಕ್ಕಾಲು ಪಾಲು ಮನೆ ಕೊಡುವ ಮೊದಲೇ, ಜಗಲಿಯ ಮೇಲೆಯೇ ಮುಗಿದುಹೋಗುತ್ತಿತ್ತು. ಯಾವ ಪೈಕಿ ನೀವು? ಕೆಲಸ ಎಲ್ಲಿ, ಪರ್ಮನೆಂಟಾ? ಮನೇಲಿ ಎಷ್ಟು ಜನ? ಮಾಂಸ-ಗೀಂಸ? ಗಂಡ ಎಲ್ಲಿದಾರೆ? ಐದು ಪ್ರಶ್ನೆಗೆ ಐದು ಸರಿಯುತ್ತರ ಬಂದರೆ ಬೀಗದಕೈ, ಒಂದು ತಪ್ಪಿದರೂ "ಯಾರೋ ಅಡ್ವಾನ್ಸ್ ಕೊಟ್ಟುಬಿಟ್ಟಿದಾರಲ್ಲಪ್ಪಾ". ತಮ್ಮಂಥವರನ್ನೇ ಆರಿಸಿ ಒಳಗಿಟ್ಟುಕೊಂಡ ಮೇಲೆ ಜಗಳ ಕಡಿಮೆ ಇದ್ದದ್ದರಲ್ಲಿ ಯಾವ ಸೋಜಿಗವೂ ಇಲ್ಲ. ಇವತ್ತಿನ ಬೆಂಗಳೂರಿನಲ್ಲಿ ಜಗಲಿ ಹೋಗಿ ವಾಟ್ಸಾಪ್ ಬಂದಿದೆ. 'ವೆಜ್ ಓನ್ಲಿ, ಫ್ಯಾಮಿಲಿ ಓನ್ಲಿ' ಎಂಬ ಒಂದು ಸಾಲಿನಲ್ಲಿ ಅಜ್ಜಿಯ ಐದೂ ಪ್ರಶ್ನೆ ಅಡಗಿ ಕೂತಿವೆ.

ನನ್ನ ಕೆಲಸದಲ್ಲಿ ಆ 'ಬೇಡ' ಎನ್ನುವ ಹಕ್ಕೇ ಇಲ್ಲ. ಮನೆ ಕಳೆದುಕೊಂಡವರಿಗೆ ನೆರವಾಗುವುದು ಸ್ಥಳೀಯ ಕೌನ್ಸಿಲ್ಲಿನ ಕಾನೂನುಬದ್ಧ ಹೊಣೆ ಎಂದು ಈ ದೇಶ 1977ರಲ್ಲೇ ಕಾಯ್ದೆ ಮಾಡಿತು. 2017ರಲ್ಲಿ ಬಂದ ಇನ್ನೊಂದು ಕಾಯ್ದೆ ಆ ಹೊಣೆಯನ್ನು ಹಿಗ್ಗಿಸಿ, ಮನೆ ಕಳೆದುಕೊಳ್ಳುವ ಸ್ಥಿತಿಗೆ 56 ದಿನ ಮೊದಲೇ ನೆರವು ಶುರುವಾಗಬೇಕು ಎಂದಿತು. ಹಾಗಾಗಿ ಕೌನ್ಸಿಲ್ ಮೂಲಕ ನನ್ನ ಬಾಗಿಲಿಗೆ ಬರುವವರು ಯಾರು? ಗಂಡನ ಹೊಡೆತಕ್ಕೆ ಓಡಿಬಂದ ಹೆಂಗಸು, ಜೈಲಿಂದ ಬಿಡುಗಡೆಯಾದ ಹುಡುಗ, ಭಾಷೆ ಬಾರದ ನಿರಾಶ್ರಿತ ಕುಟುಂಬ, ಕಾಯಿಲೆಯಿಂದ ಕೆಲಸ ಕಳೆದುಕೊಂಡ ಲಾರಿ ಡ್ರೈವರ್. ವಠಾರದ ಅಜ್ಜಿ ಇವರಲ್ಲಿ ಒಬ್ಬರಿಗೂ ಮನೆ ಕೊಡುತ್ತಿರಲಿಲ್ಲ. ಅವರೆಲ್ಲ ಒಂದೇ ಮೆಟ್ಟಿಲಲ್ಲಿ ಹತ್ತಿಳಿಯುವ ಕಟ್ಟಡವನ್ನು ನಡೆಸಬೇಕಾದಾಗ ಅಜ್ಜಿಯ ಕಾಮನ್‌ಸೆನ್ಸ್ ನೆರವಿಗೆ ಬರುವುದಿಲ್ಲ. ಬರುವುದಿಲ್ಲ ಅಷ್ಟೇ ಅಲ್ಲ, ಕೆಲವೊಮ್ಮೆ ಕೊಲ್ಲುತ್ತದೆ.

ದೊಡ್ಡ ಮಾತಾಯಿತು ಎನ್ನಬೇಡಿ. 2020ರ ಡಿಸೆಂಬರ್‌ನಲ್ಲಿ ರೋಚ್‌ಡೇಲ್ ಎಂಬ ಊರಿನಲ್ಲಿ ಅವಾಬ್ ಇಷಾಕ್ ಎಂಬ ಮಗು ತೀರಿಕೊಂಡಿತು. ಎರಡು ವರ್ಷ ತುಂಬಿ ಕೆಲವೇ ದಿನ. ತಂದೆತಾಯಿ ಸುಡಾನಿನಿಂದ ಬಂದವರು. ಫ್ಲಾಟಿನ ಗೋಡೆಗೆ ಬೂಷ್ಟು ಹಿಡಿದಿದೆ ಎಂದು ತಂದೆ 2017ರಲ್ಲೇ ದೂರು ಕೊಟ್ಟಿದ್ದರು. ಮೇಲೆ ಪೇಂಟ್ ಬಳಿಯಿರಿ ಎಂಬ ಉತ್ತರ ಸಿಕ್ಕಿತ್ತು. ಮನೆಯಲ್ಲಿ ಬಹುಕಾಲ ಇದ್ದ ಬೂಷ್ಟಿನಿಂದಾದ ಉಸಿರಾಟದ ತೊಂದರೆಯೇ ಸಾವಿಗೆ ಕಾರಣವೆಂದು 2022ರ ನವೆಂಬರ್‌ನಲ್ಲಿ ಮರಣ ವಿಚಾರಣಾಧಿಕಾರಿ ತೀರ್ಪಿತ್ತರು. ಆ ಕುಟುಂಬದ ಜೀವನಶೈಲಿಯ ಬಗ್ಗೆ ತಾವು ಏನೇನೋ ಊಹಿಸಿಕೊಂಡದ್ದು ತಪ್ಪಾಯಿತು ಎಂದು ಮನೆಯ ಒಡೆತನದ ಸಂಸ್ಥೆ ಆಮೇಲೆ ಒಪ್ಪಿಕೊಂಡಿತು. ಊಹೆ ಎಂದರೆ ಏನು? ಇವರು ಸ್ನಾನ ಮಾಡುವ ರೀತಿ ಬೇರೆ, ಅಡುಗೆ ಮಾಡುವ ರೀತಿ ಬೇರೆ, ಅದಕ್ಕೇ ಮನೆ ತೇವ. ಬಕೆಟ್ಟಿನಲ್ಲಿ ನೀರು ತುಂಬಿ ಚೊಂಬಲ್ಲಿ ಹುಯ್ದುಕೊಳ್ಳುವ, ದಿನಾ ಬೆಳಗ್ಗೆ ಕುಕ್ಕರ್ ಕೂಗಿಸುವ ನಮ್ಮ ಜನ ಇದನ್ನು ಒಂದು ನಿಮಿಷ ನಿಂತು ಯೋಚಿಸಬೇಕು. ನಮ್ಮ ಮನೆಯ ಗೋಡೆ ಕಪ್ಪಾದಾಗಲೂ ಇದೇ ಮಾತು ಬರುತ್ತದೆ.

ಆ ಮಗುವಿನ ಮನೆಗೆ ಹೋಗಿಬಂದ ನೌಕರರು ಕ್ರೂರಿಗಳಾಗಿರಬೇಕಿಲ್ಲ. ಅವರು ಬಳಸಿದ್ದು ಕಾಮನ್‌ಸೆನ್ಸೇ. ನಮಗೆ ಪರಿಚಯವಿಲ್ಲದವರ ಬಗ್ಗೆ ನಮಗೆ ಮೊದಲೇ ಗೊತ್ತಿದೆ ಅಂದುಕೊಂಡ ಸಂಗತಿಗಳಿಗೆ ಆ ಹೆಸರು. ಇದು ಒಂದು ಊರಿನ ರೋಗವೂ ಅಲ್ಲ. ಆ ತೀರ್ಪಿಗೆ ಒಂದು ವರ್ಷ ಮೊದಲೇ, 2021ರ ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿನ ವಸತಿ ಓಂಬುಡ್ಸ್‌ಮನ್ ತೇವ-ಬೂಷ್ಟಿನ ಬಗ್ಗೆಯೇ ವಿಶೇಷ ವರದಿ ತಂದು, ಬಾಡಿಗೆದಾರರ ಜೀವನಶೈಲಿಯ ಮೇಲೆ ಗೂಬೆ ಕೂರಿಸುವುದನ್ನು ನಿಲ್ಲಿಸಿ ಎಂದು ಎಲ್ಲ ಸಂಸ್ಥೆಗಳಿಗೂ ಹೇಳಿತ್ತು.

ಓದು ಇಲ್ಲಿ ಏನು ಮಾಡಿತು ಎಂದರೆ, ಮುಖ ಬಿಟ್ಟು ಗೋಡೆ ನೋಡುವುದನ್ನು ಕಲಿಸಿತು. ನನ್ನ ಪಾಲಿನ ಒಂದು ಫ್ಲಾಟನ್ನೇ ತೆಗೆದುಕೊಳ್ಳಿ. ನೆಲಮಹಡಿ, ಎರಿಟ್ರಿಯಾದಿಂದ ಬಂದ ತಾಯಿ, ಇಬ್ಬರು ಮಕ್ಕಳು. ಫೈಲಿನಲ್ಲಿ ಹಳಬರ ಷರಾ ಮೂರು ಸಲ, ಅಕ್ಷರ ಬದಲಾಗದೆ: ಬಟ್ಟೆ ಒಳಗೆ ಒಣಹಾಕುತ್ತಾರೆ, ಕಿಟಕಿ ತೆಗೆಯಿರಿ ಎಂದು ತಿಳಿಹೇಳಲಾಯಿತು. ಮಲಗುವ ಕೋಣೆಯ ಬೀರು ಸರಿಸಿದರೆ ಹಿಂದಿನ ಮೂಲೆ ಇದ್ದಿಲು ಬಳಿದಂತೆ ಕಪ್ಪು. ಆ ಕಪ್ಪು ಎಲ್ಲಿಂದ ಎಲ್ಲಿಗೆ ಹಬ್ಬಿದೆ ಎಂಬುದನ್ನು ಮೊದಲು ನೋಡಬೇಕು. ಒಳಗಿನ ಹಬೆಯೇ ತಣ್ಣನೆ ಗೋಡೆಗೆ ತಾಗಿ ಹನಿಗಟ್ಟಿದ್ದರೆ ಅದು ಕಿಟಕಿಯ ತೊಲೆಯ ಮೇಲೆ, ಗೋಡೆ-ಸೂರು ಕೂಡುವ ಕಡೆ, ಗಾಳಿಯಾಡದ ಸಂದಿಗಳಲ್ಲಿ ಚುಕ್ಕೆಚುಕ್ಕೆಯಾಗಿ ಹರಡುತ್ತದೆ. ಇಲ್ಲಿ ಚುಕ್ಕೆಗಳೂ ಇದ್ದವು, ಅವುಗಳ ನಡುವೆ ಮೇಲಿಂದ ಕೆಳಗೆ ಕಂದು ಅಂಚಿನ ಒಂದು ಕಲೆಯೂ ಇತ್ತು. ಹೊರಗೆ ಹೋಗಿ ಅದೇ ಮೂಲೆ ನೋಡಿದೆ: ಸೂರಿನ ದೋಣಿಯ ಜಾಯಿಂಟ್ ಬಿಟ್ಟುಕೊಂಡು ಇಟ್ಟಿಗೆಯ ಮೇಲೆ ಉದ್ದಕ್ಕೂ ಹಸಿರು ಪಾಚಿ. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿತ್ತು, ಆದರೆ ಟಿಶ್ಯೂ ಕಾಗದ ಹಿಡಿದರೆ ಅಂಟಿಕೊಳ್ಳಲಿಲ್ಲ. ಹೊರಗೋಡೆಯಲ್ಲಿ ಅದರ ಮುಚ್ಚಳ ಪೇಂಟಿನವರ ಕೈಚಳಕದಿಂದ ತೆರೆಯಲಾರದಂತೆ ಕೂತುಬಿಟ್ಟಿತ್ತು. ಹೀಟಿಂಗ್ ಯಾಕೆ ಹಾಕುವುದಿಲ್ಲ ಎಂದು ಕೇಳಿದರೆ ಆಕೆ ಮೀಟರ್ ತೋರಿಸಿದಳು. ಮೊದಲೇ ದುಡ್ಡು ತುಂಬಬೇಕಾದ ಪ್ರಿಪೇಯ್ಡ್ ಮೀಟರ್. ಸಂಜೆ ಮಕ್ಕಳು ಶಾಲೆಯಿಂದ ಬಂದ ಮೇಲೆ ಒಂದು ಗಂಟೆ ಹಾಕುತ್ತಾಳೆ.

ಬಟ್ಟೆ ಒಳಗೆ ಒಣಗುವುದು ನಿಜ. ಯಾಕೆಂದರೆ ಹಿಂದೆ ಒಣಹಾಕುವ ಅಂಗಳವಿತ್ತು, ತಂತಿ ಕಟ್ಟಿದ ಕಂಬಗಳಿದ್ದವು. ಅದನ್ನು ಪಾರ್ಕಿಂಗ್ ಮಾಡಿದ್ದು ನಮ್ಮ ಸಂಸ್ಥೆಯೇ. ಆ ಕಡತವೂ ನನಗೆ ಸಿಕ್ಕಿತು.

ನನ್ನ ಬಿ.ಇ. ಇಲ್ಲಿ ಎಷ್ಟು ಉಪಯೋಗಕ್ಕೆ ಬಂತು? ದೋಣಿ ಸೋರಿದರೆ ಗೋಡೆಗೆ ಏನಾಗುತ್ತದೆ ಎಂಬಷ್ಟು. ಆದರೆ ಗೋಡೆಯ ಹೊರಮೈ, ಚರಂಡಿ, ಕೊಳವೆಗಳ ರಿಪೇರಿ 1985ರ ಮಾಲೀಕ-ಬಾಡಿಗೆದಾರ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮಾಲೀಕನ ತಲೆಯ ಮೇಲಿದೆ ಎಂದು ಬಿ.ಇ. ಹೇಳಲಿಲ್ಲ. ಮನೆಯ ಅಪಾಯಗಳನ್ನು ಅಳೆಯಲು ಇಲ್ಲಿನ ಸರ್ಕಾರ ಮಾಡಿಟ್ಟ 29 ಅಪಾಯಗಳ ಪಟ್ಟಿಯಲ್ಲಿ ಮೊದಲನೆಯದೇ ತೇವ ಮತ್ತು ಬೂಷ್ಟು, ಎರಡನೆಯದು ಅತಿಚಳಿ ಎಂದೂ ಹೇಳಲಿಲ್ಲ. ಆ ತಾಯಿಗೆ ಇಂಧನದ ಸಹಾಯಧನ ಎಲ್ಲಿಂದ ಸಿಗಬಹುದು ಎಂಬುದಂತೂ ದೂರದ ಮಾತು. ಹವಾಗುಣ, ಕಾನೂನು, ಬಡತನ, ಸಂಸ್ಥೆಯದೇ ಹಳೇ ತಪ್ಪು, ನಾಲ್ಕೂ ಒಂದು ಬೀರುವಿನ ಹಿಂದೆ ಸೇರಿಕೊಂಡಿದ್ದವು. ಇವನ್ನು ಒಟ್ಟಿಗೆ ಕಲಿಸುವ ಇನ್ನೊಂದು ಕೋರ್ಸ್ ಇದ್ದರೆ ಹೇಳಿ, ಅದನ್ನೇ ಓದುತ್ತೇನೆ.

ಎರಡನೆಯದು ಆಫೀಸಿನ ಹಳಬರದು. ಇಪ್ಪತ್ತೈದು ವರ್ಷ ಸರ್ವೀಸಿನ ಮುಂದೆ ನಿಮ್ಮ ಕಾಗದ ಏನು ಮಹಾ ಎಂಬ ಈ ಮಾತಿಗೆ ನನ್ನ ಗೌರವವಿದೆ. ಯಾವ ಬಾಗಿಲಿಗೆ ಎಷ್ಟು ಸಲ ತಟ್ಟಬೇಕು, ಯಾವ ಮುದುಕ ವಾರವಿಡೀ ಮಾತಿಗಾಗಿ ಕಾಯುತ್ತಿರುತ್ತಾನೆ, ಯಾವ ಮನೆಯ ಮೌನ ಸರಿಯಿಲ್ಲ, ಇದೆಲ್ಲ ನಾನು ಅವರ ಹಿಂದೆ ಓಡಾಡಿ ಕಲಿತದ್ದು. ಪುಸ್ತಕದಲ್ಲಿಲ್ಲ. ಆದರೆ ಅನುಭವ ಕಲಿಸುವುದು ಮತ್ತೆ ಮತ್ತೆ ನಡೆಯುವುದನ್ನು. ನೆಲವೇ ಅದುರುವಾಗ ಅದು ಕೈಕೊಡುತ್ತದೆ. ಅವರು ಕೆಲಸಕ್ಕೆ ಸೇರಿದಾಗಿನ ಕಾನೂನು ಈಗ ಎಷ್ಟು ಉಳಿದಿದೆ? ಬಾಡಿಗೆ ಮನೆ ವಾಸಯೋಗ್ಯವಾಗಿರಲೇಬೇಕು, ಇಲ್ಲದಿದ್ದರೆ ಬಾಡಿಗೆದಾರ ಕೋರ್ಟಿಗೆ ಹೋಗಬಹುದು ಎಂಬ ಕಾಯ್ದೆ 2018ರದು. ಸಾಮಾಜಿಕ ವಸತಿಯ ನಿಯಂತ್ರಣ ಕಾಯ್ದೆ 2023ರದು. ಅವಾಬ್ ಹೆಸರಿನಲ್ಲೇ ಬಂದ ನಿಯಮ 2025ರ ಅಕ್ಟೋಬರ್ 27ರಿಂದ ಜಾರಿಗೆ ಬಂದಿದೆ: ಜೀವಕ್ಕೆ ಕುತ್ತಾಗುವಂಥ ತುರ್ತು ಅಪಾಯಕ್ಕೆ 24 ಗಂಟೆಯೊಳಗೆ ಕ್ರಮ, ಗಂಭೀರ ತೇವ-ಬೂಷ್ಟಿನ ದೂರಿಗೆ 10 ಕೆಲಸದ ದಿನದೊಳಗೆ ತನಿಖೆ. 'ಮುಂದಿನ ತಿಂಗಳು ನೋಡೋಣ' ಎಂಬ ಹಳೇ ಜಾಣತನ ಈಗ ಕಾನೂನುಭಂಗ.

ಚರಿತ್ರೆ ಯಾಕೆ ಓದಬೇಕು ಎಂದೂ ಇವರೇ ಕೇಳುತ್ತಾರೆ. ನನ್ನ ಒಂದು ಬೀದಿಯಲ್ಲಿ ಹಿಂದೆ ಕೌನ್ಸಿಲ್ಲಿನದಾಗಿದ್ದ ಜೋಡಿ ಮನೆಗಳಿವೆ, ಎರಡಕ್ಕೂ ಒಂದೇ ಸೂರು. ಎಡಗಡೆಯದು ನಮ್ಮದು, ಬಲಗಡೆಯದು ಸ್ವಂತದ್ದು. ಅರ್ಧ ಸೂರಿಗೆ ಹೊಸ ಹೆಂಚು, ಅರ್ಧಕ್ಕೆ ಹಳೇದು. ನಡುವೆ ನೀರಿಳಿಯುವ ಪೈಪು ಒಂದೇ. ಅದು ಒಡೆದು ಎರಡು ಮನೆಯವರೂ ಮಾತು ಬಿಟ್ಟಿದ್ದಾರೆ. 1980ರಲ್ಲಿ ಥ್ಯಾಚರ್ ಸರ್ಕಾರದ ವಸತಿ ಕಾಯ್ದೆ ಕೌನ್ಸಿಲ್ ಬಾಡಿಗೆದಾರರಿಗೆ ತಮ್ಮ ಮನೆಯನ್ನು ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕು ಕೊಟ್ಟಿತು. ಕೊಳ್ಳಬಲ್ಲವರು ಕೊಂಡರು, ಆಗದವರು ಬಾಡಿಗೆಗೆ ಉಳಿದರು. ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಆ ಹಕ್ಕನ್ನು ರದ್ದು ಮಾಡಿದವು. ಇಂಗ್ಲೆಂಡಿನಲ್ಲಿ ಇನ್ನೂ ಇದೆ. ಆ ಪೈಪಿನ ಜಗಳಕ್ಕೆ ನಲವತ್ತು ವರ್ಷದ ವಯಸ್ಸಿದೆ. ಅದು ಗೊತ್ತಿಲ್ಲದವರು ಇಬ್ಬರಲ್ಲಿ ಒಬ್ಬರನ್ನು ಜಿಪುಣ ಅಂದುಬಿಡುತ್ತಾರೆ.

ಹಳಬರ ತುರುಪಿನ ಎಲೆ ಆಕ್ಟೇವಿಯಾ ಹಿಲ್. ಈ ವೃತ್ತಿಯ ತಾಯಿಬೇರೇ ಆಕೆ, ಆಕೆಗೆ ಯಾವ ಡಿಗ್ರಿ ಇತ್ತು? ಇರಲಿಲ್ಲ. 1865ರಲ್ಲಿ ಜಾನ್ ರಸ್ಕಿನ್ ಕೊಟ್ಟ ಹಣದಲ್ಲಿ ಲಂಡನ್ನಿನ ಮೆರಿಲೆಬೋನ್‌ನಲ್ಲಿ ಹಾಳುಬಿದ್ದ ಮನೆಗಳನ್ನು ಹಿಡಿದು, ವಾರವಾರ ಬಾಡಿಗೆಗೆ ಹೋಗುವ ನೆಪದಲ್ಲೇ ಮನೆಯ ರಿಪೇರಿ, ಮನೆಯವರ ಕಷ್ಟ ಎಲ್ಲ ನೋಡಿದ ಹೆಣ್ಣುಮಗಳು. ಆದರೆ ಅವಳು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ತನ್ನ ಕೈಕೆಳಗೆ ಹೆಂಗಸರನ್ನು ಈ ಕೆಲಸಕ್ಕೆ ತರಬೇತು ಮಾಡಿದ್ದು. ಒಳ್ಳೆಯ ಮನಸ್ಸೊಂದೇ ಸಾಲದು ಎಂದು ಮೊದಲು ಕಂಡುಕೊಂಡವಳೇ ಅವಳು. ಅವಳ ದಾರಿಯಲ್ಲಿ ಬಂದ ಮಹಿಳೆಯರು 1916ರಲ್ಲಿ ಸಂಘ ಕಟ್ಟಿದರು. 1931ರಲ್ಲಿ ಹುಟ್ಟಿದ ವಸತಿ ಸಂಸ್ಥೆಯೊಂದಿಗೆ ಆ ಧಾರೆ 1965ರಲ್ಲಿ ಕೂಡಿಕೊಂಡು, ಇವತ್ತಿನ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಹೌಸಿಂಗ್ ಆಗಿದೆ. ಇನ್ನೊಂದು ಮಾತು: ಆಕ್ಟೇವಿಯಾಗೆ ಬಡವರನ್ನು ತಿದ್ದುವ ಚಪಲ ಸ್ವಲ್ಪ ಜಾಸ್ತಿಯೇ ಇತ್ತು, ಬಾಡಿಗೆ ತಪ್ಪಿದರೆ ಮುಲಾಜಿಲ್ಲದೆ ಹೊರಗೆ ಹಾಕುತ್ತಿದ್ದಳು, ಸರ್ಕಾರ ಮನೆ ಕಟ್ಟಿಸುವುದಕ್ಕೆ ವಿರೋಧವಾಗಿದ್ದಳು. ಅದನ್ನೂ ನನಗೆ ಹೇಳಿದ್ದು ಈ ಕೋರ್ಸೇ. ಆಫೀಸಿನ ಗೋಡೆಯ ಮೇಲಿನ ಅವಳ ಪಟ ಹೇಳಲಿಲ್ಲ.

ಮೂರನೆಯ ಆಕ್ಷೇಪ ನಿಜಕ್ಕೂ ಗಟ್ಟಿಯಾದದ್ದು. ಲಂಡನ್ನಿನ ಗ್ರೆನ್‌ಫೆಲ್ ಕಟ್ಟಡದ ಸುತ್ತ ಡಿಗ್ರಿ ಇಲ್ಲದವರು ಯಾರಿದ್ದರು? ಆರ್ಕಿಟೆಕ್ಟ್, ಅಗ್ನಿಸುರಕ್ಷತೆಯ ತಜ್ಞರು, ಕಟ್ಟಡ ನಿಯಂತ್ರಣದವರು, ಎಲ್ಲರೂ ಓದಿದವರೇ. 2017ರ ಜೂನ್ 14ರ ನಡುರಾತ್ರಿ 24 ಮಹಡಿಯ ಆ ಕಟ್ಟಡ ಹೊತ್ತಿ ಉರಿದು 72 ಜನ ಸತ್ತರು. ಎಲ್ಲಿ ಹೋಗಿತ್ತು ನಿಮ್ಮ ಓದು?

ಇದಕ್ಕೆ ಸುಲಭದ ಉತ್ತರ ಕೊಟ್ಟರೆ ಸತ್ತವರಿಗೆ ಅಪಚಾರ. ಪದವೀಧರರು ತಪ್ಪು ಮಾಡಿದರು, ಹೌದು. ಹೊರಮೈಗೆ ಹೊದಿಸಿದ ಬೆಂಕಿ ಹತ್ತುವ ಹಾಳೆಗಳನ್ನು ಮಾರಿದವರು, ಆರಿಸಿದವರು, ಕಣ್ಣುಮುಚ್ಚಿ ಒಪ್ಪಿದವರು ಎಲ್ಲರ ಪಾಲೂ 2024ರ ಸೆಪ್ಟೆಂಬರ್‌ನ ಅಂತಿಮ ವಿಚಾರಣಾ ವರದಿಯಲ್ಲಿದೆ. ಅದೇ ವರದಿಯಲ್ಲಿ ಇನ್ನೊಂದು ಅಧ್ಯಾಯವೂ ಇದೆ. ಕಟ್ಟಡವನ್ನು ನೋಡಿಕೊಳ್ಳುತ್ತಿದ್ದ ಆಡಳಿತ ಸಂಸ್ಥೆಗೂ ನಿವಾಸಿಗಳಿಗೂ ನಡುವಿನ ಸಂಬಂಧ ವರ್ಷಗಳಿಂದ ಕೆಟ್ಟು ವಿಷವಾಗಿತ್ತು. ನಿವಾಸಿಗಳ ಗುಂಪೊಂದು ಬೆಂಕಿಯ ಅಪಾಯದ ಬಗ್ಗೆ 2016ರಲ್ಲೇ ಬಹಿರಂಗವಾಗಿ ಬರೆದಿತ್ತು. ಅವರು ಆಡಳಿತದ ಕಣ್ಣಿಗೆ ಬಿದ್ದದ್ದು ತಲೆಹರಟೆಗಳಾಗಿ. ಕಟ್ಟಡದ ಪ್ರತಿಯೊಂದು ಬೋಲ್ಟಿಗೂ ಯಾರೋ ಒಬ್ಬ ತಜ್ಞ ಇದ್ದ. ನಿವಾಸಿಯ ದೂರನ್ನು ಓದಿ ಅದರಲ್ಲಿ ಸತ್ಯ ಎಷ್ಟು ಎಂದು ತೂಗಬಲ್ಲವರು ಇರಲೇಬೇಕು ಎಂದು ಯಾವ ಕಾನೂನೂ ಕೇಳಿರಲಿಲ್ಲ. ಆ ಖಾಲಿ ಕುರ್ಚಿಯ ಬಗ್ಗೆಯೇ ನಾನು ಮಾತಾಡುತ್ತಿರುವುದು.

ಗ್ರೆನ್‌ಫೆಲ್ ಮತ್ತು ಅವಾಬ್, ಈ ಎರಡರ ನೆರಳಲ್ಲೇ 2023ರ ಕಾಯ್ದೆ ಬಂತು. ಸಾಮಾಜಿಕ ವಸತಿಯ ಹಿರಿಯ ವ್ಯವಸ್ಥಾಪಕರು ಈ ವೃತ್ತಿಗೆ ಸಂಬಂಧಿಸಿದ ಅರ್ಹತೆ ಪಡೆಯಲೇಬೇಕು, ಅದಕ್ಕೂ ಮೇಲಿನ ಕಾರ್ಯನಿರ್ವಾಹಕರಿಗೆ ಫೌಂಡೇಶನ್ ಡಿಗ್ರಿ ಅಥವಾ ಅದಕ್ಕೆ ಸಮನಾದದ್ದು ಬೇಕು ಎಂಬುದು ಅದರ ಒಂದು ಫಲ. ಸುಮಾರು 25 ಸಾವಿರ ಜನ ಇದರ ವ್ಯಾಪ್ತಿಗೆ ಬರುತ್ತಾರೆ ಎಂದು ಸರ್ಕಾರವೇ ಅಂದಾಜು ಮಾಡಿತ್ತು. 2026ರ ಅಕ್ಟೋಬರ್‌ನಿಂದ ಈ ನಿಯಮಕ್ಕೆ ಚಾಲನೆ; ಅರ್ಹತೆ ಗಳಿಸಿಕೊಳ್ಳಲು ಮುಂದೆ ಕೆಲವು ವರ್ಷದ ಗಡುವು. ನನ್ನ ದರ್ಜೆಯವರಿಗೆ ಕಡ್ಡಾಯವಿಲ್ಲ. ನನ್ನ ಮ್ಯಾನೇಜರ್ ಈಗ ನನ್ನಿಂದ ನೋಟ್ಸ್ ಕೇಳುತ್ತಿದ್ದಾರೆ ಎಂಬುದನ್ನು ಇಲ್ಲಿ ಬರೆಯಬಾರದಿತ್ತೇನೋ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಫೀಸು ಬಾಡಿಗೆದಾರರ ಜೇಬಿನಿಂದ ಹೋಗುತ್ತದೆ, ಅದರ ಬದಲು ಬಾಯ್ಲರ್ ಹಾಕಿಸಿ ಎಂಬುದು ಅನ್ಯಾಯದ ಮಾತಲ್ಲ. ಆದರೆ ವರ್ಷಕ್ಕೆ 30 ಲಕ್ಷ ಪೌಂಡಿಗಿಂತ ಹೆಚ್ಚು ಸಂಬಳ ಕೊಡುವ ಎಲ್ಲ ಸಂಸ್ಥೆಗಳೂ 2017ರಿಂದ ತರಬೇತಿಗೆಂದೇ ಅಪ್ರೆಂಟಿಸ್‌ಶಿಪ್ ತೆರಿಗೆ ಕಟ್ಟುತ್ತಿವೆ. ಆ ಹಣವನ್ನು ಬಾಯ್ಲರಿಗೆ ಖರ್ಚು ಮಾಡುವಂತಿಲ್ಲ, ಬಳಸದಿದ್ದರೆ ಕೈಬಿಟ್ಟು ಹೋಗುತ್ತದೆ. ಇನ್ನು ರೋಗವನ್ನೇ ತಪ್ಪಾಗಿ ಗುರುತಿಸಿ ಮೂರು ಸಲ ಪೇಂಟ್ ಬಳಿದ ಖರ್ಚು, ಕೋರ್ಟಿನಲ್ಲಿ ಸೋತು ಕೊಟ್ಟ ಪರಿಹಾರ, ಓಂಬುಡ್ಸ್‌ಮನ್ ಆದೇಶದಂತೆ ತೆತ್ತ ಪರಿಹಾರ, ಇವು ಯಾರ ಜೇಬಿನಿಂದ ಹೋಗುತ್ತವೆ ಎಂದು ಯಾರೂ ಕೇಳುವುದಿಲ್ಲ.

ಬಾಡಿಗೆದಾರರ ಇನ್ನೊಂದು ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. "ಓದಿದವರು ಬರ್ತಾರೆ, ಫಾರಂ ತುಂಬ್ತಾರೆ, ಎರಡು ವರ್ಷಕ್ಕೆ ಪ್ರಮೋಷನ್ ತಗೊಂಡು ಹೋಗ್ತಾರೆ. ಮೊದಲಿದ್ದ ಕೇರ್‌ಟೇಕರ್ ಇಲ್ಲೇ ವಾಸ ಇದ್ದ. ನಮ್ಮ ನಾಯಿ ಹೆಸರೂ ಗೊತ್ತಿತ್ತು." ಇದರಲ್ಲಿ ಮುಕ್ಕಾಲು ನಿಜ. ಖರ್ಚು ಉಳಿಸಲು ಕೇರ್‌ಟೇಕರುಗಳನ್ನು ತೆಗೆದರು, ಪಕ್ಕದ ಬೀದಿಯಲ್ಲಿದ್ದ ಆಫೀಸು ಮುಚ್ಚಿದರು, ಎಲ್ಲಕ್ಕೂ ಒಂದು ಫೋನ್ ನಂಬರ್ ಕೊಟ್ಟರು. ಇದನ್ನು ಮಾಡಿದ್ದು ಪದವಿಯಲ್ಲ, ಬಜೆಟ್ಟು. ಪದವಿ ಬಂದ ಮಾತ್ರಕ್ಕೆ ಆ ಕೇರ್‌ಟೇಕರ್ ವಾಪಸು ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ನನ್ನ ತರಗತಿಯಲ್ಲಿ ಮೂವರು ಸ್ವತಃ ಕೌನ್ಸಿಲ್ ಮನೆಯಲ್ಲಿ ಹುಟ್ಟಿ ಬೆಳೆದವರು. ಹದಿನಾರಕ್ಕೆ ಶಾಲೆ ಬಿಟ್ಟು, ಬಾಡಿಗೆದಾರರ ಸಂಘದಲ್ಲಿ ಕೂಗಾಡಿ, ಆಮೇಲೆ ಈ ಕೋರ್ಸಿಗೆ ಬಂದವರು. ಪದವಿ ಕಡ್ಡಾಯ ಮಾಡಿದರೆ ಇಂಥವರಿಗೇ ಬಾಗಿಲು ಮುಚ್ಚೀತು ಎಂಬ ಭಯ ನನಗೂ ಇದೆ. ಅದಕ್ಕೇ ಕೆಲಸ ಮಾಡುತ್ತಲೇ, ಸಂಸ್ಥೆಯ ಖರ್ಚಿನಲ್ಲಿ ಓದುವ ದಾರಿ ಇರಲೇಬೇಕು. ಅದಿಲ್ಲದ ಕಡ್ಡಾಯಕ್ಕೆ ನನ್ನ ಬೆಂಬಲವಿಲ್ಲ.

ಇಲ್ಲೇ ಊರಿನ ಮಕ್ಕಳಿಗೊಂದು ಮಾತು. ನನ್ನ ಈ ವಕಾಲತ್ತು ಓದಿ ಯಾರೂ ಸೈಟು ಅಡವಿಟ್ಟು ಈ ಪದವಿಗೆ ಇಲ್ಲಿಗೆ ಬರಬೇಡಿ. ವಿದೇಶಿ ವಿದ್ಯಾರ್ಥಿಯ ಫೀಸು ಬೇರೆ, ಸ್ಥಳೀಯರದು ಬೇರೆ. ಓದು ಮುಗಿದ ಮೇಲೆ ಉಳಿಯಬೇಕಾದರೆ ಸ್ಕಿಲ್ಡ್ ವರ್ಕರ್ ವೀಸಾಕ್ಕೆ 2025ರ ಜುಲೈನಿಂದ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ ಬೇಕು. ಹೊಸದಾಗಿ ಸೇರುವ ಹೌಸಿಂಗ್ ಆಫೀಸರಿಗೆ ಅಷ್ಟು ಸಿಗುವುದಿಲ್ಲ. ಈ ಒಂದು ವಿಷಯದಲ್ಲಿ ನೆಂಟರೇ ಸರಿ.

ಹಾಗಾದರೆ ನಮ್ಮ ಕಡೆ ಇದರಿಂದ ಏನು ಬಂತು ಎಂಬುದು ಕೊನೆಯ ಪ್ರಶ್ನೆ. ನಮ್ಮಲ್ಲಿ ಬೇಕಾಗಿರುವುದು ಮನೆ, ಮನೆ ನೋಡಿಕೊಳ್ಳುವ ಪಂಡಿತರಲ್ಲ. ಮೊದಲು ಕಟ್ಟಿ, ಆಮೇಲೆ ನೋಡೋಣ ಎನ್ನುತ್ತಾರೆ.

'ಆಮೇಲೆ ನೋಡೋಣ' ಎಂದದ್ದರ ಕಥೆ ಬೆಂಗಳೂರಿನ ಈಜಿಪುರದಲ್ಲಿದೆ. ಕೋರಮಂಗಲದ ಪಕ್ಕದಲ್ಲೇ ಬಡವರಿಗಾಗಿ ಪಾಲಿಕೆ ಕಟ್ಟಿದ ಕ್ವಾರ್ಟರ್ಸ್ ಅದು. ಎರಡು ದಶಕ ತುಂಬುವ ಮೊದಲೇ ಬ್ಲಾಕುಗಳು ಕುಸಿಯತೊಡಗಿದವು. ಮನೆ ಕಳೆದುಕೊಂಡವರು ಅಲ್ಲೇ ತಗಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಕಾದರು. 2013ರ ಜನವರಿಯಲ್ಲಿ ಪೊಲೀಸ್ ಕಾವಲಿನಲ್ಲಿ ಜೆಸಿಬಿ ಬಂದು ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿತು. ಕಳಪೆ ಕಾಮಗಾರಿ ಎಂದು ಎಲ್ಲರೂ ಬೈದರು, ಬೈಯಬೇಕಾದದ್ದೇ. ಆದರೆ ಗೋಡೆ ಬಿರುಕು ಬಿಟ್ಟ ಮೊದಲ ದಿನದಿಂದ ಕುಸಿದ ದಿನದವರೆಗೆ ಅಲ್ಲಿಗೆ ಹೋಗಿ ಬಿರುಕಿನ ಅಗಲ ಬರೆದುಕೊಳ್ಳುವುದು ಯಾರ ಕೆಲಸವಾಗಿತ್ತು? ಅಂಥ ಹುದ್ದೆ ಇತ್ತೇ?

ಇವತ್ತಿಗೂ ಕೊಳೆಗೇರಿ ಅಭಿವೃದ್ಧಿ ಮಂಡಳಿಯ ಯಾವುದಾದರೂ ನೆಲ ಪ್ಲಸ್ ಮೂರು ಮಹಡಿಯ ಸಮುಚ್ಚಯಕ್ಕೆ ಹೋಗಿ ನೋಡಿ. ಕಟ್ಟಿಸಲು ಇಂಜಿನಿಯರ್ ಇದ್ದಾರೆ, ಹಕ್ಕುಪತ್ರ ಕೊಡಲು ಅಧಿಕಾರಿ ಇದ್ದಾರೆ, ಹಂಚುವ ದಿನ ಫೋಟೋಗೆ ಶಾಸಕರಿದ್ದಾರೆ. ಮಾರನೇ ದಿನದಿಂದ ಯಾರೂ ಇಲ್ಲ. ಸಂಪಿನ ಮೋಟರು ಸುಟ್ಟರೆ ಚಂದಾ ಎತ್ತುವವರು ಯಾರು? ನೆಲಮಹಡಿಯವರು ಮೇಲಿನ ಟ್ಯಾಂಕಿಗೆ ಯಾಕೆ ದುಡ್ಡು ಕೊಡಬೇಕು? ತಳ್ಳುಗಾಡಿಯಲ್ಲಿ ತರಕಾರಿ ಮಾರುವವನಿಗೆ ಮೂರನೇ ಮಹಡಿ ಕೊಟ್ಟರೆ ಗಾಡಿ ರಾತ್ರಿ ಎಲ್ಲಿ ನಿಲ್ಲಬೇಕು? ಆತ ಅಗ್ರಿಮೆಂಟ್ ಮೇಲೆ ಮನೆಯನ್ನು ಯಾರಿಗೋ ಕೊಟ್ಟು ಹಳೇ ಜಾಗಕ್ಕೇ ಹೋಗಿ ಗುಡಿಸಲು ಹಾಕಿಕೊಂಡಾಗ, 'ಈ ಜನಕ್ಕೆ ಮನೆ ಕೊಟ್ಟರೂ ಬಾಳೋಕೆ ಬರಲ್ಲ' ಎಂದು ಷರಾ ಬೀಳುತ್ತದೆ. ರೋಚ್‌ಡೇಲಿನಲ್ಲಿ ಸ್ನಾನದ ಬಗ್ಗೆ ಊಹಿಸಿದವರೂ ಇದಕ್ಕಿಂತ ಬೇರೆಯದೇನೂ ಯೋಚಿಸಿರಲಿಲ್ಲ.

ನಮ್ಮ ದೇಶದಲ್ಲಿ ವಸತಿಯ ಓದೇ ಇಲ್ಲ ಎಂದಲ್ಲ. ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಯಲ್ಲಿ ವಸತಿಗೆಂದೇ ವಿಭಾಗವಿದೆ, ಸ್ನಾತಕೋತ್ತರ ಪದವಿ ಇದೆ. ಅದರ ಒಲವು ಯೋಜನೆಯ ಕಡೆ, ಅಂದರೆ ಬೀಗದಕೈ ಕೊಡುವವರೆಗಿನ ಕಥೆ. ಬೀಗದಕೈ ಕೊಟ್ಟ ಮೇಲಿನ ಐವತ್ತು ವರ್ಷ ಓದಿಸುವವರು ಬೇಕು. ಹೊಸ ವಿಶ್ವವಿದ್ಯಾಲಯ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಕರ್ನಾಟಕದ ಎಷ್ಟೋ ಕಾಲೇಜುಗಳಲ್ಲಿ ಎಂ.ಎಸ್.ಡಬ್ಲ್ಯೂ. ಇದೆ, ಕ್ಷೇತ್ರಕಾರ್ಯಕ್ಕೆ ವಾರಕ್ಕೆರಡು ದಿನ ಹೊರಗೆ ಹೋಗುವ ವಿದ್ಯಾರ್ಥಿಗಳಿದ್ದಾರೆ. ಅದರಲ್ಲೊಂದು ಐಚ್ಛಿಕ ಪತ್ರಿಕೆ ಸಾಕು ಶುರು ಮಾಡಲು.

ಓದಿದರೆ ಕೆಲಸ ಎಲ್ಲಿದೆ ಎಂದು ಮತ್ತೆ ಕೇಳುತ್ತೀರಿ. ಮಂಡಳಿ ನಾಲ್ಕು ಸಮುಚ್ಚಯಕ್ಕೆ ಒಬ್ಬ ವಸತಿ ಅಧಿಕಾರಿಗೆ ದುಡ್ಡಿಡಲಿ. ಪರೀಕ್ಷೆಯ ಮೊದಲ ಪ್ರಶ್ನೆ ನಾನೇ ಬರೆದುಕೊಡುತ್ತೇನೆ: ಸಂಪಿನ ಮೋಟರಿನ ಕರೆಂಟ್ ಬಿಲ್ ಯಾರ ಹೆಸರಿನಲ್ಲಿರಬೇಕು, ಯಾಕೆ? ಹತ್ತು ಅಂಕ. ವಠಾರದ ಅಜ್ಜಿಯ ಮೊಮ್ಮಕ್ಕಳೂ ಕೂರಬಹುದು.